ಪಕ್ಷದ ಕಾರ್ಡಿನಲ್ಲಿಲ್ಲದ ಹೆಸರು

ಮಂಗಳವಾರ ಬೆಳಗ್ಗೆ ಹತ್ತೂ ನಲವತ್ತು: ಅಗ್ನಿಶಾಮಕ ಠಾಣೆಯ ಮತಗಟ್ಟೆಯ ಮುಂದೆ ಸ್ವಂತ ಪಕ್ಷದವರೇ ಹಂಚುತ್ತಿದ್ದ, ಯಾರಿಗೆ ಮತ ಹಾಕಬೇಕೆಂದು ತೋರಿಸುವ ಮಾದರಿ ಕಾರ್ಡಿನಲ್ಲಿ ನ್ಯಾಯಾಧೀಶೆ ಕೊರೀನ್ ಸೆಟ್ಜರ್ ಹೆಸರಿರಲಿಲ್ಲ — ಸೆನೆಟರ್ ಇದ್ದಾನೆ, ಕೌಂಟಿ ಪೊಲೀಸರ ಮುಖ್ಯಸ್ಥ ಶೆರಿಫ್ ದಪ್ಪಕ್ಷರದಲ್ಲಿದ್ದಾನೆ, ಮಣ್ಣು-ನೀರು ಸಂರಕ್ಷಣಾ ಮಂಡಳಿಯವನೂ ಇದ್ದಾನೆ, ರಾಜ್ಯ ಮೇಲ್ಮನವಿ ನ್ಯಾಯಾಲಯ ಎಂಬಲ್ಲಿ ಮಾತ್ರ ಒಂದು ಬಿಳಿ ಪಟ್ಟಿ, ಅಚ್ಚಿನ ತಪ್ಪಿರಬಹುದೇ, ಇಲ್ಲ, ಗರ್ನಿ ಲಿಪರ್ಡ್ ಇಪ್ಪತ್ತೆರಡು ವರ್ಷದಿಂದ ಕೌಂಟಿಯಲ್ಲಿ ಪಕ್ಷದ ಅಧ್ಯಕ್ಷ, ಅವನ ಕಾರ್ಡಿನಲ್ಲಿ ಅಚ್ಚಿನ ತಪ್ಪಾಗುವುದಿಲ್ಲ, ಅಗೋ ಡೇರೆಯ ಕೆಳಗೆ ಲಿವರ್‌ಮಷ್ ಎಂಬ ಹಂದಿಮಾಂಸ ತುಂಬಿದ ಬನ್ನು ಜಗಿಯುತ್ತ ಕೈ ಬೀಸುತ್ತಿದ್ದಾನೆ, ಬನ್ನಿ ಜಡ್ಜಮ್ಮ, ಬಿಸಿಯಾಗಿದೆ, ಮೊದ್ಲು ತಿನ್ನಿ, ಆಮೇಲೆ ಬೈಯೋರಂತೆ — ಎಂಟು ವರ್ಷದ ಹಿಂದೆ ಇದೇ ಡೇರೆಯಲ್ಲಿ ಇವನೇ ಅವಳ ಹೆಸರನ್ನು ಬಂದವರ ಕಿವಿಗೆಲ್ಲ ಹಾಕಿದ್ದ, ಇಡೀ ನಾರ್ತ್ ಕ್ಯಾರೊಲೈನಾದಲ್ಲಿ ಆರುನೂರ ಹನ್ನೆರಡೇ ಮತದ ಗೆಲುವು, ಇಲ್ಲಿ ನ್ಯಾಯಾಧೀಶರನ್ನೂ ಜನರೇ ಆರಿಸುತ್ತಾರೆ, ಮತಪತ್ರದಲ್ಲಿ ಹೆಸರಿನ ಪಕ್ಕ ಪಕ್ಷವಿರುತ್ತದೆ ನಿಜ, ಆದರೂ ಹಿಂಬದಿಯ ತಳದಲ್ಲಿರುವ ನ್ಯಾಯಾಧೀಶರು ಯಾರಿಗೆ ಗೊತ್ತು, ಜನ ಕಾರ್ಡು ನೋಡಿಯೇ ಒಂದೊಂದು ವೃತ್ತ ತುಂಬುತ್ತಾರೆ, ಅಲ್ಲಿ ಖಾಲಿಯಿದ್ದರೆ ಇಲ್ಲೂ ಖಾಲಿ. ಗರ್ನಿ ಜೇಬಿನಿಂದ ಸುರುಳಿಯೊಂದನ್ನು ತೆಗೆದ, ಅಂಟುಚೀಟಿಗಳು, ಪ್ರತಿಯೊಂದರಲ್ಲೂ ಅವಳ ಹೆಸರು, ಬಿಳಿ ಪಟ್ಟಿಯ ಅಳತೆಗೇ ಕತ್ತರಿಸಿದ್ದು, ನೋಡಿ, ನಾನೇನು ಕಟುಕನಲ್ಲ, ಶೆರಿಫ್‌ಗೆ ಒಂದು ಮಾತು ಹೇಳ್ಬಿಡಿ, ಮುಂದಿನ ಸಲ ನಮ್ಮ ಪೊಲೀಸ್ ಹುಡುಗರ ಕೈ ಬಿಡಲ್ಲ ಅಂತ, ಹತ್ತು ನಿಮಿಷದಲ್ಲಿ ಎಲ್ಲಾ ಕಾರ್ಡಿಗೂ ಅಂಟಿಸ್ತೀವಿ — ಯಾವ ಮುಂದಿನ ಸಲ ಗರ್ನಿ, ಇನ್ನೂ ಬಾರದ ಕೇಸಿಗೆ ಈಗಲೇ ತೀರ್ಪು ಕೊಡಲಾ — ಮಾತಲ್ಲಿ ನಿಮ್ಮನ್ನ ಗೆಲ್ಲೋಕಾಗತ್ತಾ, ಮತದಲ್ಲಿ ಸೋಲ್ತೀರಿ, ಅಷ್ಟೇ. ಸೋಲಬಹುದು, ಲೆಕ್ಕ ಅವಳಿಗೂ ಬರುತ್ತದೆ, ಆ ಚಾವಣಿ ಕೆಲಸದವನ ಟ್ರಕ್ಕಿನಲ್ಲಿ ಶೆರಿಫ್‌ನ ಪೊಲೀಸರಿಗೆ ನಿಷೇಧಿತ ಮಾತ್ರೆಗಳು ಸಿಕ್ಕಿದ್ದು ನಿಜ, ಅವನು ಮಾರುತ್ತಿದ್ದದ್ದೂ ಬಹುಶಃ ನಿಜ, ಆದರೆ ವಾರಂಟಿರಲಿಲ್ಲ, ಅವನು ಒಪ್ಪಿಯೂ ಇರಲಿಲ್ಲ, ಕಡತದ ಹನ್ನೊಂದನೇ ಫೋಟೋದಲ್ಲಿ ಸಲಕರಣೆ ಪೆಟ್ಟಿಗೆಯ ಬೀಗದ ಕೊಂಡಿ ಹೊರಕ್ಕೆ ತಿರುಚಿಕೊಂಡಿತ್ತು, ಮೂವರ ಪೀಠದಲ್ಲಿ ಇಬ್ಬರು ಶಿಕ್ಷೆ ರದ್ದು ಎಂದರು, ಆ ತೀರ್ಪು ಬರೆದವಳು ಅವಳು, ಅಳಿಸುವುದಿಲ್ಲ, ಅಂಟುಚೀಟಿಯೂ ಬೇಡ. ನಿಮ್ಮ ಬನ್ನು ಆರ್ತಿದೆ ಗರ್ನಿ, ಎಂದು ಸುಣ್ಣದ ಗೆರೆಯ ಹತ್ತಿರ ಬಂದು ನಿಂತಳು, ಅದರಾಚೆ ಪ್ರಚಾರ ಮಾಡುವಂತಿಲ್ಲ, ಕೈಯಲ್ಲಿ ತನ್ನದೇ ಕಾರ್ಡುಗಳ ಕಟ್ಟು, ಕೋಲೂರಿಕೊಂಡು ಬಂದ ಮುದುಕಿ ಮಿಸ್ ವರ್ಲೀ ಕಣ್ಣು ಕಿರಿದು ಮಾಡಿ, ಏನೇ ಮಗಾ, ಆ ಮಾತ್ರೆ ಮಾರೋನನ್ನ ಬಿಟ್ಟೋಳು ನೀನೇ ಅಲ್ವಾ, ಹೌದು ಮ್ಯಾಮ್, ನಾನೇ, ಯಾಕೆ ಬಿಟ್ಟೆ, ಅವ್ರು ಕೇಳದೆ ಬೀಗ ಒಡೆದಿದ್ರು ಮ್ಯಾಮ್, ಕಳ್ಳನ್ನ ಕೇಳ್ಕೊಂಡು ಹಿಡೀತಾರಾ, ಎಲ್ಲಾರನ್ನೂ ಕೇಳ್ಬೇಕು ಮ್ಯಾಮ್, ನಿಮ್ಮನ್ನೂ — ಹೂಂ, ಈ ಕಾರ್ಡಲ್ಲಿ ನಿನ್ನ ಹೆಸರೇ ಇಲ್ವಲ್ಲ, ಇಲ್ಲ, ಮತಪತ್ರದ ಹಿಂದೆ ಕೊನೇಲಿದೆ, ಸೆಟ್ಜರ್. ಮುದುಕಿ ಕೋಲೂರುತ್ತ ಒಳಗೆ ಹೋದಳು, ಎಷ್ಟು ಜನರಿಗೆ ಹೀಗೆ ಹೇಳುವುದು, ಬಂದಷ್ಟು ಜನರಿಗೂ, ಬಾಗಿಲು ಮುಚ್ಚುವವರೆಗೂ, ಒಂದೇ ವಾಕ್ಯ ಸಾಕು, ಕೇಳದೆ ಬೀಗ ಒಡೆದಿದ್ದರು, ಕೊಂಡಿ, ಹೊರಕ್ಕೆ ತಿರುಚಿದ ಆ ಕೊಂಡಿ —

ಸಂಜೆ ಏಳೂವರೆಗೆ ಮತದಾನ ಮುಗಿಯಿತು. ಆ ಮತಗಟ್ಟೆಯಲ್ಲಿ ಅವಳಿಗೆ ಶೆರಿಫ್‌ಗಿಂತ ನೂರ ಮೂವತ್ತೊಂದು ಮತ ಕಡಿಮೆ ಬಿದ್ದಿತ್ತು. ಮರುಎಣಿಕೆಯ ನಂತರ ಇಡೀ ರಾಜ್ಯದಲ್ಲಿ ಅವಳು ಸೋತದ್ದು ತೊಂಬತ್ತನಾಲ್ಕು ಮತಗಳಿಂದ.