ಏಳನೆಯವನು ಉಳಿದುಕೊಂಡ

ಟೇಪಿನ ಜೊತೆ ಗೋಡೆಯ ಬಣ್ಣವೂ ಕಿತ್ತು ಬರುತ್ತಿದೆ, ಉಗುರಗಲದ ಚಕ್ಕೆ, ಒಳಗೆ ಹಳೆಯ ಹಸಿರು, ನಮಗಿಂತ ಮೊದಲು ಈ ಕೋಣೆಯಲ್ಲಿ ಯಾರು ಕೂತಿದ್ದರೋ, ಅವರೂ ಹೀಗೆ ಗೋಡೆಗೆ ಕಾರ್ಡು ಅಂಟಿಸಿ ಕೊಲೆಗಳನ್ನು ಸಾಲಾಗಿ ಜೋಡಿಸುತ್ತಿದ್ದರೋ ಏನೋ, ಮೆತ್ತಗೆ ಎಳೆಯಬೇಕು, ಒಂದು, ಎರಡು — ಮೊದಲನೆಯವನು ಲಿಫ್ಟಿನಲ್ಲಿ ಸತ್ತ, ಎರಡನೆಯವನು ಈಜುಕೊಳದಲ್ಲಿ, ಮೂರನೆಯವನನ್ನು ಕೊಲ್ಲುವುದಕ್ಕೆ ನಾವು ಐದು ಜನ ಬರಹಗಾರರು ಹನ್ನೊಂದು ದಿನ ತಲೆ ಕೆಡಿಸಿಕೊಂಡೆವು, ಕೊನೆಗೆ, ಮೆಟ್ಟಿಲಿಂದ ಜಾರ್ಲಿ ಬಿಡ್ರಪ್ಪ ಅಂದರು ಮೇಷ್ಟ್ರು, ಅವರಿಗೆ ಹಸಿವಾಗಿತ್ತು. ಮೇಷ್ಟ್ರು ಅಂದರೆ ನಮ್ಮ ಹೆಡ್ ರೈಟರ್, ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೆ ಎಲ್ಲದಕ್ಕೂ ಒಂದು ಗಾದೆ, ಸೇಡಿನ ಕಥೆ ಅಂದ್ರೆ ಇನ್ನೇನಮ್ಮ, ಮಾಡಿದ್ದುಣ್ಣೋ ಮಹಾರಾಯ, ಅಷ್ಟೇ. ಬೆಳಿಗ್ಗೆ ಹನ್ನೊಂದಕ್ಕೆ ಅವರ ಫೋನಿಗೇ ಸುದ್ದಿ ಬಂತು, ನಮ್ಮ ವೆಬ್ ಸೀರೀಸಿಗೆ ಎರಡನೇ ಸೀಸನ್ ಇಲ್ಲ, ಆರು ಕಂತಿಗೇ ಮುಕ್ತಾಯ, ನೋಡಿದವರು ಸಾಲದಂತೆ, ನೋಡಿದವರಲ್ಲೂ ಅರ್ಧ ಜನ ನಡುವೆಯೇ ಎದ್ದು ಹೋದರಂತೆ. ಡೈರೆಕ್ಟರ್ ಕುರ್ಚಿಯಲ್ಲಿ ಕುಸಿದರು, ಎಲ್ಲರದೂ ಸಾವಿನ ಮನೆಯ ಮುಖ, ನಾನೂ ತಲೆ ತಗ್ಗಿಸಿದೆ, ಎಷ್ಟು ಬೇಕೋ ಅಷ್ಟು, ಆಮೇಲೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿ, ನಲ್ಲಿ ಬಿಟ್ಟು, ಬಾಯಿಗೆ ಕೈ ಒತ್ತಿಕೊಂಡು ನಕ್ಕೆ. ಅಬ್ಬಾ! ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ, ಇಲ್ಲಿ ದೊಣ್ಣೆ ಬೀಸಿದವಳೂ ನಾನೇ, ತಪ್ಪಿತಲ್ಲ ಅಂತ ಕುಣಿದವಳೂ ನಾನೇ. ಈಗ ಎಲ್ಲರೂ ಊಟಕ್ಕೆ ಹೋಗಿದ್ದಾರೆ, ಗೋಡೆ ಖಾಲಿ ಮಾಡುವ ಕೆಲಸ ನಾನಾಗಿಯೇ ಕೇಳಿ ತೆಗೆದುಕೊಂಡೆ.

ಏಳನೆಯ ಕಾರ್ಡು ಕೈಗೆ ಬಂತು, ನನ್ನದೇ ಅಕ್ಷರ, ಕೆಂಪು ಶಾಯಿ. ಬೆಂಕಿಯಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡವಳು ನಮ್ಮ ಕಥೆಯ ನಾಯಕಿ, ಬೀಗ ರಿಪೇರಿ ಅವಳ ಕಸುಬು, ಆ ಬೆಂಕಿಗೆ ಕಾರಣರಾದ ಏಳು ಜನರನ್ನು ಹುಡುಕಿ ಹುಡುಕಿ ಮುಗಿಸುತ್ತಾಳೆ, ಕಂತಿಗೊಬ್ಬ, ಜನ ಏಳು, ಕಂತು ಆರು, ಎಣಿಸಲು ಬರದವರಲ್ಲ ನಾವು, ಬುದ್ಧಿ ಜಾಸ್ತಿಯಾದವರು, ಎಲ್ಲರಿಗಿಂತ ಕೆಟ್ಟವನನ್ನು ಎರಡನೇ ಸೀಸನ್ನಿಗೆ ಅಂತ ಎತ್ತಿಟ್ಟೆವು, ಜನ ಕಾಯಲಿ ಅಂತ ಮುಖ ತೋರಿಸದೆ ಬರೀ ಕೈ ತೋರಿಸಿದೆವು, ನಾಲ್ಕನೇ ಕಂತಿನಲ್ಲಿ, ಐದರಲ್ಲಿ, ಆರರಲ್ಲಿ, ಮನೆಯಿಂದ ಹೊರಡುವ ಮುನ್ನ ಸ್ವಿಚ್ಚನ್ನು ಮೂರು ಸಲ ಮುಟ್ಟಿ ನೋಡುವ ಒಂದು ಕೈ. ಯಾಕೆ ಮೂರು ಸಲ, ಡೈರೆಕ್ಟರ್ ಕೇಳಿದ್ದರು. ಸುಮ್ನೆ ಸಾರ್, ಕೆಟ್ಟವರಿಗೆ ಏನಾದ್ರೂ ಒಂದು ಚಾಳಿ ಇರ್ಬೇಕಲ್ಲ. ಸುಮ್ಮನೆಯಂತೆ! ಅದು ಅಣ್ಣನ ಕೈ. ಅಪ್ಪನ ಟೈಲರ್ ಅಂಗಡಿ ಸುಟ್ಟಾಗ ನನಗೆ ಹನ್ನೆರಡು, ಅವನಿಗೆ ಹದಿನಾರು, ಅಪ್ಪ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದರು, ನಾನು ಗುಂಡಿ ಹಾಕಿ ಮುಗಿಸಿ ಮೊದಲು ಹೊರಟೆ, ಇಸ್ತ್ರಿ ಮಾಡುತ್ತಿದ್ದವನು ಅವನು, ಬಾಗಿಲು ಹಾಕಿದವನು ಅವನು, ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಹಾಗೇ ಉಳಿಯಿತು, ನಲವತ್ತು ಜೊತೆ ಶಾಲೆಯ ಯೂನಿಫಾರಂ ಹೋಯಿತು, ಎರಡು ಮಷೀನು, ಅಪ್ಪನ ಹೆಸರಿದ್ದ ಬೋರ್ಡು. ಕೊನೆಗೆ ಯಾರಿದ್ರೋ ಅಂಗಡೀಲಿ, ಅಪ್ಪ ಕೇಳಿದರು. ಇವಳೇ ಇದ್ದಳಪ್ಪಾ, ಅಂದ ಅಣ್ಣ. ನಾನಲ್ಲ ಅಂತ ಅತ್ತೆ, ಅತ್ತಷ್ಟೂ ನಾನೇ ಅಂತ ಎಲ್ಲರಿಗೂ ಖಾತ್ರಿಯಾಯಿತು, ಅಪ್ಪ ಹೊಡೆಯಲಿಲ್ಲ, ಹೋಗ್ಲಿ ಬಿಡು ಮಗು ಅಂದರು, ಮಾಡದ ತಪ್ಪಿಗೆ ಸಿಕ್ಕ ಕ್ಷಮೆ ಹೊಡೆತಕ್ಕಿಂತ ಭಾರ, ಅದನ್ನು ಇಪ್ಪತ್ತೆರಡು ವರ್ಷ ಹೊತ್ತೆ. ಹದಿನೆಂಟು ವರ್ಷ ಅಪ್ಪ ಬೇರೆಯವರ ಅಂಗಡಿಯಲ್ಲಿ ಬೇರೆಯವರ ಮಷೀನು ತುಳಿದರು, ಸಂಜೆ ಮಂಡಿ ಹಿಡಿದುಕೊಂಡು ಬರುವಾಗಲೆಲ್ಲ ನಾನು ಒಳಗೆ ಹೋಗಿ ಪುಸ್ತಕ ತೆರೆಯುತ್ತಿದ್ದೆ. ಹೋದ ವರ್ಷ ಅಣ್ಣನ ಮಗಳ ಹುಟ್ಟುಹಬ್ಬಕ್ಕೆ ಹೋದಾಗ ಚಿಕ್ಕಮ್ಮ ಎಲ್ಲರೆದುರಿಗೆ, ಇವಳ ಕೈಗೆ ಮಾತ್ರ ಇಸ್ತ್ರಿ ಪೆಟ್ಟಿಗೆ ಕೊಡ್ಬೇಡ್ರಮ್ಮ ಅಂದರು, ಹಳೆಯ ತಮಾಷೆ, ಎಲ್ಲರೂ ನಕ್ಕರು, ಅಪ್ಪನೂ ನಕ್ಕರು, ಅಣ್ಣ ತಟ್ಟೆ ನೋಡುತ್ತಾ ಕೂತಿದ್ದ, ನನ್ನನ್ನು ಬಿಟ್ಟುಬರಲು ಹೊರಡುವಾಗ ಸ್ವಿಚ್ಚುಗಳನ್ನು ಮುಟ್ಟುತ್ತಿದ್ದ, ಒಂದು, ಎರಡು, ಮೂರು. ನನಗೆ ಮೈಯೆಲ್ಲ ಉರಿಯಿತು. ಆ ವಾರವೇ ಬರೆದೆ ಏಳನೆಯವನನ್ನು, ಅಂಗಡಿ, ಇಸ್ತ್ರಿ ಪೆಟ್ಟಿಗೆ, ತಂಗಿಯ ಮೇಲೆ ಹಾಕಿದ ಸುಳ್ಳು, ಒಂದೂ ಬಿಡದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲಿ ಅಂತಲೇ ಬರೆದೆ. ಡೈರೆಕ್ಟರ್ ಓದಿ, ಇದೇ ಕಣಮ್ಮ ನಮ್ಮ ಕಥೆಯ ಜೀವ ಅಂದರು.

ಆಮೇಲೆ ನಾಲ್ಕನೇ ಕಂತು ಬಂತು, ನಮ್ಮ ಮನೆಯ ಸೋಫಾದಲ್ಲಿ ಒಬ್ಬಳೇ ಕೂತು ನೋಡಿದೆ, ಪರದೆಯ ತುಂಬ ಆ ಕೈ, ಹಿಂದೆ ಎದೆ ನಡುಗಿಸುವ ಸಂಗೀತ, ಮೂರು ಸಲ ಮುಟ್ಟಿತು, ರಿಮೋಟು ಒತ್ತಿ ಅಲ್ಲೇ ನಿಲ್ಲಿಸಿದೆ — ಇಪ್ಪತ್ತೆರಡು ವರ್ಷದಿಂದ ಅವನು ಎಲ್ಲಿಗೆ ಹೊರಟರೂ ಸ್ವಿಚ್ಚು ಮುಟ್ಟುತ್ತಿದ್ದಾನಲ್ಲ, ಅದು ಚಾಳಿ ಹೇಗಾದೀತು, ಜನರ ಮನಸ್ಸು ಓದುತ್ತೇನೆ ಅಂತ ಸಂಬಳ ತೆಗೆದುಕೊಳ್ಳುವ ನನಗೆ, ದಿನಕ್ಕೆ ಹತ್ತು ಸಲ ಬಾಯಿ ಬಿಡದೆ ಒಪ್ಪಿಕೊಳ್ಳುತ್ತಿದ್ದವನು ಕಾಣಿಸಲೇ ಇಲ್ಲ, ಅವನ ಕೈಯನ್ನು ಕದ್ದು ರಾಕ್ಷಸನಿಗೆ ಅಂಟಿಸಿಬಿಟ್ಟೆ. ನಾಚಿಕೆಯಾಯಿತು, ಆದರೆ ಕೊಟ್ಟ ಸ್ಕ್ರಿಪ್ಟು ಬಾಯಿಂದ ಬಿದ್ದ ಮಾತು, ವಾಪಸ್ಸು ಬರುವುದಿಲ್ಲ, ಮೇಷ್ಟ್ರ ಹತ್ತಿರ ಹೋಗಿ ಬೇರೆ ಬರೀತೀನಿ ಅಂದೆ, ಹುಚ್ಚಾ ನಿನಗೆ ಅಂದರು. ಅಣ್ಣನ ಮನೆಯಲ್ಲಿ ಎಲ್ಲರೂ ಸೋಫಾ ತುಂಬ ಕೂತು ನೋಡುತ್ತಾರೆ, ಅಪ್ಪ, ಅಮ್ಮ, ಅತ್ತಿಗೆ, ಮಗಳು, ನಮ್ಮ ಹುಡುಗಿ ಬರೆದದ್ದು ಅಂತ, ಪ್ರತಿ ಕಂತು ಮುಗಿದ ಮೇಲೆ ಅವನ ಫೋನು, ಏಳನೆಯವನು ಯಾರೇ, ನಂಗೊಬ್ಬನಿಗಾದ್ರೂ ಹೇಳೇ. ನಾಲ್ಕನೆಯದರ ನಂತರವೂ ಮಾಡಿದ, ಚೆನ್ನಾಗಿತ್ತು ಅಂದ, ಅಷ್ಟೇ, ಯಾರು ಅಂತ ಕೇಳಲಿಲ್ಲ. ಎರಡನೇ ಸೀಸನ್ ಬಂದು, ಆ ಸೋಫಾದ ಮೇಲೆ, ಮಗಳ ಪಕ್ಕದಲ್ಲಿ ಕೂತು ಅವನು ಅದನ್ನು ನೋಡುವುದನ್ನು ನೆನೆದು ನೆನೆದು ಎರಡು ತಿಂಗಳು ನನಗೆ ಊಟ ಸೇರಲಿಲ್ಲ.

ಕಾರ್ಡನ್ನು ಹರಿಯುವುದೋ ಮಡಚುವುದೋ ಅಂದುಕೊಳ್ಳುವಾಗಲೇ ಫೋನು, ಅಣ್ಣ, ಮುಗಿದೇ ಹೋಯ್ತಂತಲ್ಲೇ, ಮಗಳು ಫೋನಲ್ಲಿ ಓದಿ ಹೇಳಿದ್ಲು. ಹೂಂ ಅಣ್ಣ. ಹಾಗಾದ್ರೆ ಏಳನೆಯವನು? ಉಳ್ಕೊಂಡ. ಅವನಿಗೇನೂ ಆಗಲ್ವಾ? ಇಲ್ಲ ಅಣ್ಣ, ಏನೂ ಆಗಲ್ಲ, ನಾನು ನಗಲು ನೋಡಿದೆ, ಆ ಕಡೆಯಿಂದ ನಗು ಬರಲಿಲ್ಲ. ನಾಲ್ಕನೇ ಕಂತಲ್ಲೇ ಗೊತ್ತಾಯ್ತು ಕಣೆ, ನನ್ನ ಕೈ ನಂಗೆ ಗೊತ್ತಾಗಲ್ವಾ. ನಾನು ಕುರ್ಚಿ ಎಳೆದು ಕೂತೆ. ನೀನು ಅವನನ್ನ ಏನ್ಮಾಡ್ತೀಯೋ ಅಂತ ಕಾಯ್ತಿದ್ದೆ, ಏನ್ ಮಾಡಿದ್ರೂ ಸರಿ, ಒಂದು ಸಲ ಆಗಿಹೋಗ್ಲಿ ಅಂತಿತ್ತು, ಈಗ ಯಾರೂ ಏನೂ ಮಾಡಲ್ಲ ಅಂದ್ಮೇಲೆ ನಾನೇ ಹೇಳ್ಬಿಟ್ಟೆ ಅಪ್ಪಂಗೆ, ಈಗಷ್ಟೇ, ಊಟಕ್ಕೆ ಕೂತಾಗ, ಮಗಳೂ ಇದ್ಲು. ಅಪ್ಪ ಏನಂದ್ರು ಅಣ್ಣ? ನಂಗಲ್ವೋ ಹೇಳ್ಬೇಕಾದ್ದು, ಅವಳಿಗೆ ಫೋನ್ ಮಾಡು ಅಂದ್ರು. ಅರ್ಧ ದಾರಿಗೆ ಬಂದ್ಮೇಲೆ ನೆನಪಾಗಿತ್ತು ಕಣೆ ಅವತ್ತು, ಪೆಟ್ಟಿಗೆ ಆಫ್ ಮಾಡಿದ್ನೋ ಇಲ್ವೋ ಅಂತ, ವಾಪಸ್ ಹೋಗೋಣ ಅನ್ಕೊಂಡೆ, ಅಷ್ಟ್ರಲ್ಲಿ ಬಸ್ ಬಂತು, ಒಂದು ಕಾಲು ಮೆಟ್ಲ ಮೇಲಿಟ್ಟೆ, ಇನ್ನೊಂದು ರಸ್ತೇಲೇ ಇತ್ತು, ಹತ್ತೋ ಇಲ್ಲಾ ಇಳಿಯೋ ಅಂತ ಕಂಡಕ್ಟರ್ ಬೈದ, ಮಾಡಿರ್ತೀನಿ ಬಿಡು ಅಂತ ಹತ್ತಿಬಿಟ್ಟೆ, ತಪ್ಪಾಯ್ತು ಕಣೆ.

ಏಳನೆಯವನಿಗೆ ಹೇಳಲು ನಾಯಕಿಗೆ ಎಂಟು ಪುಟ ಮಾತು ಬರೆದಿಟ್ಟಿದ್ದೆ, ಚೂರಿಯಂಥ ಮಾತು, ಒಂದೂ ನೆನಪಾಗಲಿಲ್ಲ, ಊಟ ಮುಗ್ಸು ಹೋಗಣ್ಣ, ತಣ್ಣಗಾಗತ್ತೆ ಅಂದೆ, ನೀನು ಬರ್ತೀಯಾ ಅಂದ, ಸಾಯಂಕಾಲ ಬರ್ತೀನಿ ಅಂದೆ. ಫೋನಿಟ್ಟ ಮೇಲೆ ಎಷ್ಟು ಹಗುರವಾಯಿತೆಂದರೆ ಮೊದಲು ಅರ್ಥವೇ ಆಗಲಿಲ್ಲ, ಅಪ್ಪನಿಗೆ ಗೊತ್ತಾಯಿತು, ನಾನಲ್ಲ ಅಂತ ಗೊತ್ತಾಯಿತು, ಚಿಕ್ಕಮ್ಮ ಇನ್ನು ಬೇರೆ ತಮಾಷೆ ಹುಡುಕಿಕೊಳ್ಳಲಿ, ಮನಸಾರೆ ಅಳಬಹುದು, ಅಳುತ್ತಲೂ ಇದ್ದೇನೆ, ಮೇಷ್ಟ್ರು ಬಂದರೆ ಸೀಸನ್ ಹೋಯಿತಂತ ಅಳುತ್ತಿದ್ದಾಳೆ ಅಂದುಕೊಳ್ಳಲಿ — ಆದರೆ ಕಣ್ಣ ಮುಂದಿನಿಂದ ಆ ಬಸ್ಸು ಹೋಗುತ್ತಿಲ್ಲ, ಯಾವ ಕಾರ್ಡಿನಲ್ಲೂ ನಾನು ಬರೆಯದ ಬಸ್ಸು, ಹೊಗೆ ಬಿಡುತ್ತಾ ನಿಂತೇ ಇದೆ, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯಲ್ಲಿ, ಸಾಯಂಕಾಲ ಹೋಗಬೇಕು, ಹೋಗಿ ಏನು ಹೇಳುವುದು, ಹದಿನಾರು ವರ್ಷದ ತೆಳ್ಳನೆಯ ಕಾಲು, ಬಾರು ಕಿತ್ತ ಚಪ್ಪಲಿಗೆ ಅಪ್ಪನ ಅಂಗಡಿಯ ಪಿನ್ನು, ಕಂಡಕ್ಟರ್ ಬೈಯುತ್ತಿದ್ದಾನೆ, ಅಣ್ಣ ಹಿಂದಕ್ಕೆ ತಿರುಗಿ ನೋಡುತ್ತಿದ್ದಾನೆ, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆಯಲ್ಲಿ, ಹಿಮ್ಮಡಿ ಇನ್ನೂ ಮೇಲಕ್ಕೆ ಎದ್ದಿಲ್ಲ, ಎದ್ದಿಲ್ಲ