ಗಲಗಲ ಅನ್ನುವ ಡಬ್ಬಿ

"ಅಲ್ಲಾಡ್ಸೇ ಚೀಲಾನ, ಲೌಡಿ. ಗಲಗಲ ಅಂದ್ರೆ ಸೀದಾ ಕಾಲುವೆಗಿಳಿ."

ಚೋಲೊ ಬೆಟ್ಟದ ನಮ್ಮ ಚಹಾ ತೋಟದ ಗೇಟಿನಲ್ಲಿ ಮೇಸ್ತ್ರಿ ಝಕೆಯೊನ ಬೆಳಗಿನ ಪ್ರಾರ್ಥನೆ ಇದೇ. ಎಚ್‌ಐವಿ ಮಾತ್ರೆಯ ಡಬ್ಬಿ ಸದ್ದು ಮಾಡಿತೋ, ಆ ಹೆಂಗಸು ಎಲೆ ಮುಟ್ಟುವಂತಿಲ್ಲ. ದಿನವಿಡೀ ಕೆಸರಲ್ಲಿ ನಿಂತು ಕಾಲುವೆ ತೋಡಬೇಕು. ಅವನ ಬಾಯಿ ಪಾಯಿಖಾನೆ, ಕಿವಿ ಮಾತ್ರ ಬೇಟೆನಾಯಿಯದು.

ನನ್ನ ಚೀಲ ಸದ್ದು ಮಾಡುತ್ತಿರಲಿಲ್ಲ. ಮನೆಯಲ್ಲಿಟ್ಟರೆ ಅತ್ತೆ ಎಸೆಯುತ್ತಾಳೆಂದು ಮಾತ್ರೆಗಳನ್ನೆಲ್ಲ ಸೊಂಟದ ಬಟ್ಟೆಗೆ ಗಂಟು ಕಟ್ಟಿಕೊಂಡಿದ್ದೆ. ನನ್ನಂಥ ಜಾಣೆ ಇನ್ನೊಬ್ಬಳಿಲ್ಲ ಎಂದು ಬೀಗುತ್ತಲೂ ಇದ್ದೆ.

ಆಸ್ಪತ್ರೆಯಲ್ಲಿ ಜಂಬ ಇಳಿಯಿತು. ರಕ್ತದಲ್ಲಿ ವೈರಸ್ ಏರಿತ್ತು.

"ಮಾತ್ರೆ ನುಂಗ್ದೆ ಸುಳ್ ಹೇಳ್ತೀಯಾ? ನಿಮ್ಮಂತೋರಿಗೆ ಔಷ್ದಿ ಕೊಡೋದೇ ದಂಡ" ಎಂದ ಡಾಕ್ಟರ್, ಮುಖ ಕೂಡ ನೋಡದೆ. ಒಂದು ದಿನವೂ ತಪ್ಪಿಸಿದವಳಲ್ಲ ನಾನು.

ಫಾರ್ಮಸಿಸ್ಟ್ ನಾಚಿಸಾಲೆ ಕಿಟಕಿಯಲ್ಲಿ ಮಾತ್ರೆ ಎಸೆದು ಕಳಿಸುವವಳಲ್ಲ. ಬಾಗಿಲು ಮುಚ್ಚಿ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು. ಏನು ತಿಂತೀಯ, ಯಾವ ಬೇರಿನ ಕಷಾಯ ಕುಡೀತೀಯ ಎಂದೆಲ್ಲ ಕೇಳಿ, ಕೊನೆಗೆ, "ಮಾತ್ರೆ ಎಲ್ಲಿಟ್ಕೊಂಡಿದೀಯ ಮಲಿತಕ್ಕ, ತೋರ್ಸು" ಅಂದಳು.

ಗಂಟು ಬಿಚ್ಚಿದೆ. ಮಂಜು, ಬೆವರು ಕುಡಿದು ಮಾತ್ರೆಗಳು ಪುಡಿಯಾಗಿದ್ದವು.

"ನುಂಗಿರೋದು ದಿಟ. ಆದ್ರೆ ಇದ್ರಲ್ಲಿ ಶಕ್ತಿ ಎಲ್ಲುಳ್ದೈತೆ? ಡಬ್ಬೀಲೇ ಇರ್ಬೇಕು ಕಣಕ್ಕ."

"ಡಬ್ಬಿ ಬಾಯ್ಬಡ್ಕಿ ಕಣವ್ವ" ಎಂದು ಗೇಟಿನ ಕಥೆ ಹೇಳಿದೆ.

ಅವಳು ಹೊಸ ಡಬ್ಬಿಗೆ ಹತ್ತಿ ತುರುಕಿ ಕೊಟ್ಟಳು. ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಂತಳು. "ಈಯಮ್ಮ ಸುಳ್ ಹೇಳಿಲ್ಲ ಸಾರ್." ಅವನು ಕೆಮ್ಮಿದ. ನನಗೆ ಅಳು ಬಂತು.

ಮರುದಿನ ಗೇಟಿನಲ್ಲಿ ನನ್ನ ಮುಂದೆ ಫಲೇಸಿ, ತುಂಬು ಬಸುರಿ. ಅವಳ ಚೀಲ ಗಲಗಲ ಅಂತು.

"ಇಳಿ ಕಾಲುವೆಗೆ, ರೋಗಿಷ್ಟ ಮುಂಡೆ."

ನನ್ನ ಚೀಲ ಅಲ್ಲಾಡಿಸಿದೆ. ಹತ್ತಿ ತುಟಿ ಬಿಚ್ಚಲಿಲ್ಲ. "ನೀನು ಎಲೆಗೆ ನಡಿ" ಎಂದ ಝಕೆಯೊ.

ಕಾಲು ಏಳಲಿಲ್ಲ. ಡಬ್ಬಿ ತೆಗೆದು, ಹತ್ತಿ ಕಿತ್ತು ಅವನ ಬೂಟಿನ ಮೇಲೆ ಹಾಕಿದೆ. ಮುಚ್ಚಳ ಬಿಗಿದು, ಅವನ ಕಿವಿಯ ಪಕ್ಕದಲ್ಲೇ ಅಲ್ಲಾಡಿಸಿದೆ.

"ಕೇಳಿಸ್ತಾ? ಬಾ ಫಲೇಸಿ, ಇಬ್ರೂ ತೋಡಾಣ."

ಹಿಂದೆ ಇನ್ನೊಂದು ಚೀಲ ಗಲಗಲ ಅಂತು. ಮತ್ತೊಂದು. ರೋಗವೇ ಇಲ್ಲದ ಎನೆಲೆಸಿ ಅಜ್ಜಿ ಜೋಳದ ಕಾಳಿನ ಡಬ್ಬಿ ಎತ್ತಿ, "ನಂದೂ ಐತೆ ಕಣೋ" ಎಂದಳು.

ಸಾಲಿಗೆ ಸಾಲೇ ಕಾಲುವೆಯ ಕಡೆ ಹೊರಟಿತು. ಬೆಟ್ಟದ ತುಂಬ ಎಲೆ ಚಿಗುರಿ ನಿಂತಿತ್ತು. ಕೀಳಲು ಝಕೆಯೊ ಒಬ್ಬನೇ ಉಳಿದಿದ್ದ.