ವಿಶಾಲಾಕ್ಷಮ್ಮನವರ ಕಲ್ಲುಸಕ್ಕರೆ

ಪದ್ಯದಿಂದ ಪದ್ಯಕ್ಕೆ ಸಾಗುವ ನಡುವೆ ವಿಶಾಲಾಕ್ಷಮ್ಮನವರ ಎಡಗೆನ್ನೆ ಸಣ್ಣಗೆ ಉಬ್ಬುತ್ತಿತ್ತು. ಅಲ್ಲೊಂದು ಕಲ್ಲುಸಕ್ಕರೆಯ ಹರಳು. ರಕ್ತದೊತ್ತಡದ ಮಾತ್ರೆ ಶುರುವಾದಂದಿನಿಂದ ಅವರ ಬಾಯಿ ಒಣಗುತ್ತಿತ್ತು. ಹರಳು ಕರಗುವಷ್ಟು ಹೊತ್ತು ಕಂಠ ತೇವವಾಗಿರುತ್ತಿತ್ತು. ಅವರು ಗಮಕಿ, ನಾನು ವ್ಯಾಖ್ಯಾನಕಾರ. ಹಳೆಯ ಕಾವ್ಯದ ಪದ್ಯವನ್ನು ಅವರು ರಾಗವಾಗಿ ವಾಚಿಸಿದ ಮೇಲೆ ಅದರ ಅರ್ಥವನ್ನು ಬಿಡಿಸಿ ಹೇಳುವುದು ನನ್ನ ಕೆಲಸ. ನಮ್ಮ ಜೋಡಿಗೆ ಸಮನಾದುದು ಆ ಸೀಮೆಯಲ್ಲಿ ಇರಲಿಲ್ಲವೆನ್ನಲು ನನಗೆ ಸಂಕೋಚವಿಲ್ಲ.

"ನಾನು ಉಸಿರು ತಗೊಳ್ಳೋಕೆ ನಿಲ್ಲಿಸಿದ್ರೆ ನೀವು ಪುರಾಣಾನೇ ಶುರು ಮಾಡ್ತೀರಲ್ಲ ಮೇಷ್ಟ್ರೇ! ಬಾಯಲ್ಲಿರೋ ಸಕ್ಕರೆ ಪೂರ್ತಿ ಕರಗಿಹೋಗುತ್ತೆ," ಎಂದು ಸಭೆಯಲ್ಲೇ ಹಂಗಿಸುತ್ತಿದ್ದರು.

ಮೊದಲ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ದಂತವೈದ್ಯ ಚಂದ್ರಮೌಳಿ. ವೇದಿಕೆಯ ಮೇಲಿನ ಕಲ್ಲುಸಕ್ಕರೆಯ ತಟ್ಟೆ ಪ್ರತಿ ಸಲವೂ ಅವರ ಮನೆಯಿಂದಲೇ ಬರುತ್ತಿತ್ತು.

ಬರಬರುತ್ತಾ ವಿಶಾಲಾಕ್ಷಮ್ಮನವರ ಹಲ್ಲುಗಳು ಬುಡದಲ್ಲಿ ಕಪ್ಪಾದವು. ವೈದ್ಯರು ಹುಳುಕು ಕೊರೆದು ತುಂಬಿದರು. ತುಂಬಿದ್ದರ ಪಕ್ಕದಲ್ಲೇ ಮತ್ತೆ ಹುಳುಕು ಹುಟ್ಟಿತು. ಕೊನೆಗೆ ಒಂದೊಂದಾಗಿ ಕಿತ್ತರು. ಅವರ ಕೈಕೆಲಸದಲ್ಲಿ ಕುಂದಿರಲಿಲ್ಲ. ಆದರೆ ಮುಂದಿನ ಹಲ್ಲುಗಳೊಡನೆ ತಕಾರ, ದಕಾರ, ಸಕಾರಗಳೂ ಹೋದವು. ವಾಚನ ನಿಂತಿತು.

ಹಲ್ಲುಸೆಟ್ಟಿನ ಅಳತೆ ಕೊಡಲು ಹೋದ ದಿನ ನಾವಿಬ್ಬರೂ ಚಂದ್ರಮೌಳಿಯವರ ಚಿಕಿತ್ಸಾಲಯದಲ್ಲಿ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆವು. ಗೋಡೆಯ ಮೇಲೆ ದಂತವೈದ್ಯರ ಸಂಘದ ಮಾರ್ಗಸೂಚಿ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿತ್ತು: ಹುಳುಕು ತುಂಬುವ ಮುನ್ನ ಅದರ ಕಾರಣವನ್ನು ವಿಚಾರಿಸತಕ್ಕದ್ದು. ಒಳಗೆ ಕುರ್ಚಿಯಲ್ಲಿ ಮಾರುಕಟ್ಟೆಯ ಹಮಾಲಿ ಬೋರಯ್ಯನಿದ್ದ.

"ಬಾಯಿ ಒಣಗುತ್ತೇನಯ್ಯಾ? ಯಾವ ಮಾತ್ರೆ ನುಂಗ್ತೀಯ? ಊಟದ ನಡುವೆ ಬಾಯಿಗೇನು ಹಾಕ್ಕೋತೀಯ?" ವೈದ್ಯರ ದನಿ ಗದರಿಸುವಂತಿತ್ತು.

"ಬೆಲ್ಲದ ಚೂರು ಸ್ವಾಮಿ, ಮೂಟೆ ಹೊರೋವಾಗ."

"ಇವತ್ತೇ ಬಿಡು. ಇಲ್ದಿದ್ರೆ ನಾನೆಷ್ಟು ತುಂಬಿದ್ರೂ ಬೊಚ್ಚುಬಾಯಿ ಆಗ್ತೀಯ, ನೋಡ್ಕೋ!"

"ಹಂಗಾದ್ರೆ ಹೆಂಡ್ತಿಗೆ ತಿರುಗಿ ಬಯ್ಯೋದು ಹೆಂಗೆ ಸ್ವಾಮಿ?"

ನಾನು ನಕ್ಕು ಪಕ್ಕಕ್ಕೆ ತಿರುಗಿದೆ. ವಿಶಾಲಾಕ್ಷಮ್ಮನವರ ಕೆನ್ನೆಯಲ್ಲಿ ಆಗಲೂ ಹರಳಿತ್ತು. ಅದು ಅಲುಗದೆ ನಿಂತಿತ್ತು.

ಒಳಗೆ ಹೋದೊಡನೆ ಕೇಳಿದೆ: "ಈ ಪ್ರಶ್ನೆಗಳನ್ನ ಇವರಿಗೆ ಯಾಕೆ ಕೇಳಲಿಲ್ಲ ಡಾಕ್ಟರೇ?"

ಚಂದ್ರಮೌಳಿಯವರು ಕೈಯಲ್ಲಿದ್ದ ಉಪಕರಣವನ್ನು ಕೆಳಗಿಟ್ಟರು. "ಅಮ್ಮನವರನ್ನ, ಹಮಾಲಿಯನ್ನ ಕೇಳಿದ ಹಾಗೆ ಕೇಳೋದೇ ಮೇಷ್ಟ್ರೇ? ಆ ಬಾಯಿ ಎದುರು ಕೈಮುಗಿಯೋದು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ... ತಟ್ಟೆ ಕಳಿಸ್ತಿದ್ದೋನೂ ನಾನೇ."

"ಕೇಳಿದ್ದಿದ್ರೆ ಹೇಳ್ತಿದ್ದೆನಲ್ಲಪ್ಪಾ," ಎಂದರು ವಿಶಾಲಾಕ್ಷಮ್ಮ. ಆ ಮಾತೂ ತೊದಲಿಯೇ ಹೊರಬಂತು.

ಸೆಟ್ಟು ಮುತ್ತಿನ ಸಾಲಿನಂತೆ ಬಂದಿತು. ಮತ್ತೆ ವಾಚನವೆಂದು ತಿಳಿದು ಸಭಾಂಗಣ ಕಿಕ್ಕಿರಿಯಿತು. ವಿಶಾಲಾಕ್ಷಮ್ಮನವರ ಸೊಸೆ ಶ್ರುತಿಪೆಟ್ಟಿಗೆ ಹಿಡಿದಳು. ವಿಶಾಲಾಕ್ಷಮ್ಮನವರು ಮೊದಲ ಪಾದವನ್ನು ಎತ್ತಿಕೊಂಡರು. ಒಣಗಿದ ವಸಡಿನ ಮೇಲೆ ಸೆಟ್ಟು ನಿಲ್ಲಲಿಲ್ಲ. ಅಕ್ಷರದ ಬದಲು ಸಿಳ್ಳು ಹೊರಟಿತು. ಮತ್ತೊಮ್ಮೆ ಯತ್ನಿಸಿದರು. ಮತ್ತೆ ಅದೇ ಸಿಳ್ಳು. ಮೊದಲ ಸಾಲಿನಲ್ಲಿ ಚಂದ್ರಮೌಳಿಯವರು ತಲೆ ತಗ್ಗಿಸಿದರು.

ಸೆರಗಿನ ಮರೆಯಲ್ಲಿ ವಿಶಾಲಾಕ್ಷಮ್ಮನವರು ಹಲ್ಲುಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ನನ್ನತ್ತ ತಿರುಗಿ, "ನೀವು ಅರ್ಥ ಹೇಳಿ ಮೇಷ್ಟ್ರೇ," ಎಂದರು.

ವಾಚಿಸದ ಪದ್ಯಕ್ಕೆ ನಾನು ಯಾವ ಅರ್ಥವನ್ನು ಹೇಳಲಿ? ಸಭೆ ಕಾಯುತ್ತಿತ್ತು. ಪೆಟ್ಟಿಗೆ ನಿಲ್ಲಿಸಬೇಕೆಂಬುದು ಸೊಸೆಗೂ ಹೊಳೆಯಲಿಲ್ಲ. ಅವಳ ಕೈಯಲ್ಲಿ ಬರಿಯ ಶ್ರುತಿ ಮೊಳಗುತ್ತಲೇ ಇತ್ತು.